ಮುಂಬೈ, ಪುಣೆಯ ಬಾಡಿಗೆ ಮನೆ: ‘ಲೀವ್ ಅಂಡ್ ಲೈಸೆನ್ಸ್’ ಎಂದರೇನು?

ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ವರ್ಗವಾಗಿ ಪುಣೆಗೆ ಬಂದವರ ಕೈಗೆ ಬಾಡಿಗೆ ಕರಾರು ಬಂದಾಗ, ಅದನ್ನು ನಿಧಾನವಾಗಿ ಓದುವ ವ್ಯವಧಾನವಿದ್ದರೆ, ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅಷ್ಟೂ ಪುಟಗಳಲ್ಲಿ ‘ಬಾಡಿಗೆದಾರ’ ಎಂಬ ಪದವೇ ಇರುವುದಿಲ್ಲ. ಮನೆಯ ಮಾಲೀಕರನ್ನು ‘ಲೈಸೆನ್ಸರ್’ ಎಂದೂ ಮನೆ ಹಿಡಿದವರನ್ನು ‘ಲೈಸೆನ್ಸಿ’ ಎಂದೂ ತಿಂಗಳು ತಿಂಗಳು ಕೊಡುವ ಹಣವನ್ನು ‘ಲೈಸೆನ್ಸ್ ಫೀ’ ಎಂದೂ ಕರೆದಿರುತ್ತದೆ. ವಕೀಲರ ಭಾಷೆ ಹೀಗೇ ಇರುತ್ತದೆ ಎಂದುಕೊಂಡು ಸಹಿ ಹಾಕುವವರೇ ಹೆಚ್ಚು. ಆದರೆ ಮಹಾರಾಷ್ಟ್ರದಲ್ಲಿ ಬಾಡಿಗೆ ಮನೆಗೆ ಸಂಬಂಧಿಸಿದ ನೋಂದಣಿ, ಹನ್ನೊಂದು ತಿಂಗಳ ಅವಧಿ, ಪೊಲೀಸ್ ಮಾಹಿತಿ, ಸೊಸೈಟಿಯ ತಕರಾರು ಮುಂತಾದ ಬಹುತೇಕ ಸಂಗತಿಗಳು ಅರ್ಥವಾಗಬೇಕಾದರೆ ಮೊದಲು ಅರ್ಥವಾಗಬೇಕಾದದ್ದು ‘ಲೀವ್ ಅಂಡ್ ಲೈಸೆನ್ಸ್’ ಎಂಬ ಈ ಕರಾರಿನ ಹೆಸರೇ.

ಲೀಸ್ ಬೇರೆ, ಲೈಸೆನ್ಸ್ ಬೇರೆ

ಕಾನೂನಿನ ಕಣ್ಣಿನಲ್ಲಿ ಇವೆರಡೂ ಹಳೆಯ ಪದಗಳು. ಲೀಸ್ ಎಂದರೇನು ಎಂಬುದನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳಿದರೆ, ಲೈಸೆನ್ಸ್ ಎಂದರೇನು ಎಂಬುದನ್ನು ಅದೇ ವರ್ಷದ ಅನುಭೋಗದ ಹಕ್ಕುಗಳ ಕಾಯ್ದೆ, ಅಂದರೆ ಈಸ್‌ಮೆಂಟ್ಸ್ ಆಕ್ಟ್, ಹೇಳುತ್ತದೆ. ಲೀಸ್ ಕೊಟ್ಟಾಗ ಆಸ್ತಿಯನ್ನು ಅನುಭವಿಸುವ ಹಕ್ಕಿನ ಒಂದು ಭಾಗವೇ ಇನ್ನೊಬ್ಬರಿಗೆ ಹೋಗುತ್ತದೆ. ಲೈಸೆನ್ಸ್ ಕೊಟ್ಟಾಗ ಅಂಥ ಯಾವ ಹಕ್ಕೂ ಕೈ ಬದಲಾಗುವುದಿಲ್ಲ; ಅನುಮತಿಯಿಲ್ಲದಿದ್ದರೆ ಅತಿಕ್ರಮಣವಾಗುತ್ತಿದ್ದ ಒಂದು ಕೆಲಸಕ್ಕೆ ಅನುಮತಿ ಸಿಕ್ಕಂತಾಗುತ್ತದೆ, ಅಷ್ಟೆ.

ಊರಿನ ಉದಾಹರಣೆಯಲ್ಲಿ ಹೇಳುವುದಾದರೆ, ಹೊಲವನ್ನು ಗೇಣಿಗೆ ಕೊಡುವುದು ಲೀಸಿನಂಥದ್ದು. ಸುಗ್ಗಿಯ ಕಾಲಕ್ಕೆ ಪಕ್ಕದ ಹೊಲದವರಿಗೆ ‘ನಮ್ಮ ಕಣದಲ್ಲೇ ರಾಶಿ ಮಾಡಿಕೊಳ್ಳಿ’ ಎಂದು ಬಿಟ್ಟುಕೊಡುವುದು ಲೈಸೆನ್ಸಿನಂಥದ್ದು. ರಾಶಿ ಮುಗಿದ ಮೇಲೆ ಕಣದ ಮೇಲೆ ಅವರಿಗೆ ಯಾವ ಮಾತೂ ಉಳಿಯುವುದಿಲ್ಲ. ಮುಂಬೈಯ ಮಾಲೀಕರು ತಮ್ಮ ಫ್ಲ್ಯಾಟನ್ನು ಕಣದ ಲೆಕ್ಕದಲ್ಲಿ ಕೊಡಲು ಬಯಸುತ್ತಾರೆಯೇ ಹೊರತು ಹೊಲದ ಲೆಕ್ಕದಲ್ಲಲ್ಲ. ಅದಕ್ಕೆ ಕಾರಣ ಸುಮಾರು ಎಂಬತ್ತು ವರ್ಷಗಳಷ್ಟು ಹಿಂದಿನದು.

ಮಾಲೀಕರ ಹೆದರಿಕೆಯ ಮೂಲ

ಎರಡನೆಯ ಮಹಾಯುದ್ಧದ ಕಾಲಕ್ಕೆ ಮುಂಬೈಯಲ್ಲಿ ವಸತಿಯ ಕೊರತೆ ತೀವ್ರವಾಗಿತ್ತು. 1947ರಲ್ಲಿ ಬಂದ ಬಾಂಬೆ ಬಾಡಿಗೆ ನಿಯಂತ್ರಣ ಕಾಯ್ದೆಯು ಬಾಡಿಗೆಯ ಮೊತ್ತವನ್ನು ಮಿತಿಯಲ್ಲಿಡಲು 1940ರ ಸೆಪ್ಟೆಂಬರ್ 1ರಂದು ಇದ್ದ ದರವನ್ನೇ ಅಳತೆಗೋಲಾಗಿ ಹಿಡಿಯಿತು. ಬಾಡಿಗೆದಾರರನ್ನು ಎಬ್ಬಿಸುವುದನ್ನೂ ಬಹಳ ಕಷ್ಟದ ಕೆಲಸವಾಗಿಸಿತು. ಗಿರಗಾಂವ್, ದಾದರ್, ಪರೇಲ್ ಮುಂತಾದ ಕಡೆಯ ಹಳೆಯ ಚಾಳುಗಳಲ್ಲಿ ಇಂದಿಗೂ ಕೆಲವು ನೂರು ರೂಪಾಯಿ ಬಾಡಿಗೆಗೆ ಮೂರನೆಯ ತಲೆಮಾರು ವಾಸವಾಗಿದ್ದರೆ ಅದರ ಬೇರು ಅಲ್ಲಿದೆ.

ಈ ಕಾಯ್ದೆಯ ರಕ್ಷಣೆ ಬಾಡಿಗೆದಾರರಿಗೆ ಮಾತ್ರ ಇತ್ತು, ಲೈಸೆನ್ಸಿಗಳಿಗೆ ಇರಲಿಲ್ಲ. ಮಾಲೀಕರು ಅದೇ ಕಿಂಡಿಯನ್ನು ಹಿಡಿದು ಬಾಡಿಗೆ ಎನ್ನುವ ಬದಲು ‘ಲೀವ್ ಅಂಡ್ ಲೈಸೆನ್ಸ್’ ಎಂದು ಬರೆಯತೊಡಗಿದರು. ಸರ್ಕಾರ 1973ರಲ್ಲಿ ಆ ಕಿಂಡಿಯನ್ನೂ ಮುಚ್ಚಿತು: ಆ ವರ್ಷದ ಫೆಬ್ರವರಿ 1ರಂದು ಲೈಸೆನ್ಸಿನ ಮೇಲೆ ವಾಸವಾಗಿದ್ದವರೆಲ್ಲ ಕಾನೂನಿನ ಪ್ರಕಾರ ಬಾಡಿಗೆದಾರರೇ ಎಂದು ತಿದ್ದುಪಡಿ ತಂದಿತು. ಕರ್ನಾಟಕದ ಓದುಗರಿಗೆ ಈ ಕಥೆಯ ಧಾಟಿ ಪರಿಚಿತವೇ. ಮರುವರ್ಷ, 1974ರ ಮಾರ್ಚ್ 1ರಿಂದ ನಮ್ಮಲ್ಲಿ ‘ಉಳುವವನೇ ಹೊಲದೊಡೆಯ’ ಜಾರಿಗೆ ಬಂದು, ಆಮೇಲೆ ಗೇಣಿಗೆ ಕೊಡುತ್ತೇವೆಂದು ಕಾಗದದ ಮೇಲೆ ಬರೆಯಲು ಭೂಮಾಲೀಕರು ಹೇಗೆ ಹಿಂಜರಿದರೋ, ಮುಂಬೈಯ ಮನೆ ಮಾಲೀಕರೂ ಹಾಗೆಯೇ ಹಿಂಜರಿದರು. ಮನೆಗೆ ಬೀಗ ಹಾಕಿ ಇಟ್ಟುಕೊಂಡವರೂ ಇದ್ದರು.

2000ದ ಮಾರ್ಚ್ 31ರಿಂದ ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 ಇದಕ್ಕೊಂದು ದಾರಿ ಮಾಡಿಕೊಟ್ಟಿತು. ಅದರ 24ನೆಯ ಕಲಮಿನ ಪ್ರಕಾರ, ವಾಸಕ್ಕೆಂದು ಕೊಟ್ಟ ಲೈಸೆನ್ಸಿನ ಅವಧಿ ಮುಗಿದ ಮೇಲೆ ಮನೆ ಬಿಡದಿದ್ದರೆ ಮಾಲೀಕರು ಸಿವಿಲ್ ನ್ಯಾಯಾಲಯಗಳನ್ನು ವರ್ಷಗಟ್ಟಲೆ ಅಲೆಯಬೇಕಾಗಿಲ್ಲ. ಸಕ್ಷಮ ಪ್ರಾಧಿಕಾರವೆಂಬ ಪ್ರತ್ಯೇಕ ಅಧಿಕಾರಿಯ ಬಳಿ ಹೋಗಬಹುದು. ಮನೆ ಬಿಡುವ ತನಕದ ಅವಧಿಗೆ ಲೈಸೆನ್ಸ್ ಫೀಯ ಎರಡು ಪಟ್ಟು ಹಣವನ್ನು ಪರಿಹಾರವಾಗಿ ಕೊಡಬೇಕಾಗುತ್ತದೆ. ಲಿಖಿತ ಕರಾರಿನಲ್ಲಿ ಏನಿದೆಯೋ ಅದೇ ನಿರ್ಣಾಯಕ ಸಾಕ್ಷ್ಯ ಎಂದೂ ಕಲಮು ಹೇಳುತ್ತದೆ. ಇಂದು ಮುಂಬೈ, ಪುಣೆಗಳಲ್ಲಿ ಇಷ್ಟೊಂದು ಫ್ಲ್ಯಾಟುಗಳು ಬಾಡಿಗೆಗೆ ಸಿಗುತ್ತಿದ್ದರೆ ಈ ಒಂದು ಕಲಮು ಕೊಟ್ಟ ಧೈರ್ಯದ ಪಾಲು ಅದರಲ್ಲಿ ದೊಡ್ಡದು.

ನೋಂದಣಿ ಏಕೆ ತಪ್ಪಿಸುವಂತಿಲ್ಲ

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆಸಿ ಇಬ್ಬರೂ ಸಹಿ ಹಾಕಿ ಮುಗಿಸುವುದು. ಒಂದು ವರ್ಷ ಮೀರಿದ ಲೀಸ್‌ಗಳನ್ನು ನೋಂದಾಯಿಸಲೇಬೇಕು ಎಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ, ಒಂದು ತಿಂಗಳು ಕಡಿಮೆ ಬರೆದು ಆ ಖರ್ಚನ್ನು ಉಳಿಸುವ ಉಪಾಯವದು.

ಈ ಉಪಾಯ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ. ಇಲ್ಲಿನ 1999ರ ಕಾಯ್ದೆಯ 55ನೆಯ ಕಲಮು, ಅವಧಿ ಎಷ್ಟೇ ಇರಲಿ, ಪ್ರತಿಯೊಂದು ಬಾಡಿಗೆ ಅಥವಾ ಲೀವ್ ಅಂಡ್ ಲೈಸೆನ್ಸ್ ಕರಾರು ಬರವಣಿಗೆಯಲ್ಲಿರಬೇಕು ಮತ್ತು ನೋಂದಣಿಯಾಗಬೇಕು ಎನ್ನುತ್ತದೆ. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಅದೇ ಕಲಮಿನಲ್ಲಿದೆ: ನೋಂದಾಯಿತ ಕರಾರು ಇಲ್ಲದ ಪಕ್ಷದಲ್ಲಿ, ಯಾವ ಷರತ್ತುಗಳ ಮೇಲೆ ಮನೆ ಕೊಡಲಾಗಿತ್ತು ಎಂಬ ವಿವಾದದಲ್ಲಿ ಮನೆಯಲ್ಲಿ ಇರುವವರ ಹೇಳಿಕೆಯೇ ನಿಲ್ಲುತ್ತದೆ, ಅದು ಸುಳ್ಳೆಂದು ಮಾಲೀಕರು ಸಾಬೀತುಪಡಿಸುವ ತನಕ. ಆದ್ದರಿಂದ ಸಾಮಾನ್ಯವಾಗಿ ಮಾಲೀಕರೇ ನೋಂದಣಿಗೆ ಅವಸರಪಡಿಸುತ್ತಾರೆ. ‘ನೋಟರಿ ಮಾಡಿಸಿದರೆ ಸಾಕು’ ಎನ್ನುವ ದಲ್ಲಾಳಿಗಳು ಈಗಲೂ ಸಿಗುತ್ತಾರೆ. ನೋಟರಿಯ ಮುದ್ರೆ ನೋಂದಣಿಗೆ ಬದಲಿಯಲ್ಲ.

ಹಾಗಿದ್ದ ಮೇಲೂ ಹನ್ನೊಂದು ತಿಂಗಳ ಕರಾರೇ ಏಕೆ ಎಂದು ಕೇಳಿದರೆ, ಅದು ಉಳಿದುಕೊಂಡ ಹಳೆಯ ರೂಢಿ ಎನ್ನಬೇಕು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾದರೆ ಬಾಡಿಗೆ ಏರಿಸಲು ಮಾಲೀಕರಿಗೂ ದಲ್ಲಾಳಿ ಹಣ ಕೇಳಲು ಮಧ್ಯವರ್ತಿಗೂ ಅನುಕೂಲ ಎಂಬುದನ್ನೂ ಸೇರಿಸಬಹುದು. ಲೀವ್ ಅಂಡ್ ಲೈಸೆನ್ಸ್ ಕರಾರನ್ನು 60 ತಿಂಗಳವರೆಗೆ ಬರೆಯಲು ಅವಕಾಶವಿದೆ. ಮಕ್ಕಳ ಶಾಲೆ ಇರುವ ಸಂಸಾರಕ್ಕೆ 24 ಅಥವಾ 36 ತಿಂಗಳು ಕೇಳುವುದೇ ಸೂಕ್ತ.

ನೋಂದಣಿಗೆ ಈಗ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ರಾಜ್ಯದ ನೋಂದಣಿ ಇಲಾಖೆಯ ಜಾಲತಾಣದಲ್ಲೇ ಕರಾರು ಸಿದ್ಧಪಡಿಸಿ, ಎರಡೂ ಕಡೆಯವರು ಮತ್ತು ಗುರುತಿಸುವ ಸಾಕ್ಷಿಗಳು ಆಧಾರ್ ಮೂಲಕ ಬೆರಳಚ್ಚು ಕೊಟ್ಟು ಮುಗಿಸಬಹುದು. ಬೆರಳಚ್ಚಿನ ಯಂತ್ರ ಹಿಡಿದು ಏಜೆಂಟರು ಮನೆ ಬಾಗಿಲಿಗೇ ಬರುತ್ತಾರೆ. ಅದಕ್ಕೆ ಅವರ ಶುಲ್ಕ ಬೇರೆ.

ಖರ್ಚಿನ ಲೆಕ್ಕ

ಮುದ್ರಾಂಕ ಶುಲ್ಕದ ಲೆಕ್ಕವನ್ನು ಏಜೆಂಟರು ಬಾಯಿಲೆಕ್ಕದಲ್ಲಿ ಹೇಳಿಬಿಡುತ್ತಾರೆ. ಅದನ್ನು ತಾಳೆ ನೋಡುವುದು ಕಷ್ಟವಲ್ಲ. ಇಡೀ ಅವಧಿಯ ಬಾಡಿಗೆಯನ್ನು ಕೂಡಿಸಿ, ಅದಕ್ಕೆ ಮರಳಿ ಸಿಗುವ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ 10ರಂತೆ ಬಡ್ಡಿ ಹಿಡಿದು ಸೇರಿಸಿದ ಮೊತ್ತದ ಶೇ 0.25 ಭಾಗವೇ ಮುದ್ರಾಂಕ ಶುಲ್ಕ. ಬಡ್ಡಿಯನ್ನು ಯಾರೂ ಕೊಡುವುದಿಲ್ಲ, ಅದು ಲೆಕ್ಕಕ್ಕಷ್ಟೇ. ತಿಂಗಳಿಗೆ 30,000 ರೂಪಾಯಿ ಬಾಡಿಗೆ, ಒಂದು ಲಕ್ಷ ಡಿಪಾಸಿಟ್, 24 ತಿಂಗಳ ಅವಧಿ ಎಂದಿಟ್ಟುಕೊಳ್ಳೋಣ. ಬಾಡಿಗೆ 7,20,000, ಬಡ್ಡಿಯ ಲೆಕ್ಕ 20,000, ಒಟ್ಟು 7,40,000. ಇದರ ಶೇ 0.25 ಎಂದರೆ 1,850 ರೂಪಾಯಿ. ನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಏಜೆಂಟರು ಹತ್ತು ಸಾವಿರ ಎಂದರೆ, ಎಷ್ಟೇ ಸಣ್ಣಪುಟ್ಟ ಶುಲ್ಕ ಸೇರಿದರೂ ಅಷ್ಟಾಗುವ ಲೆಕ್ಕ ಇದಲ್ಲ. ಈ ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ವಾಡಿಕೆ.

ದೊಡ್ಡ ಖರ್ಚು ದಲ್ಲಾಳಿಯದು. ಮುಂಬೈಯಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ದಲ್ಲಾಳಿ ಹಣ ಕೊಡುವುದು ರೂಢಿಯಲ್ಲಿದೆ. ಕರಾರು ನವೀಕರಿಸುವಾಗ ಮತ್ತೆ ಕೊಡಬೇಕೇ ಎಂಬುದನ್ನು ಮನೆ ನೋಡುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಆಮೇಲೆ ಕೇಳಿದರೆ ಉತ್ತರ ಬೇರೆ ಇರುತ್ತದೆ.

ಡಿಪಾಸಿಟ್, ಹೆವಿ ಡಿಪಾಸಿಟ್, ಪಗಡಿ

ಬೆಂಗಳೂರಿನ ಹತ್ತು ತಿಂಗಳ ‘ಅಡ್ವಾನ್ಸ್’ ಕೊಟ್ಟು ಬಂದವರಿಗೆ ಇಲ್ಲಿ ಎರಡು ಮೂರು ತಿಂಗಳ ಡಿಪಾಸಿಟ್ ಹಗುರವೆನಿಸುತ್ತದೆ. ಆದರೆ ಜಾಹೀರಾತುಗಳಲ್ಲಿ ಇನ್ನೆರಡು ಪದಗಳು ಕಾಣುತ್ತವೆ. ‘ಹೆವಿ ಡಿಪಾಸಿಟ್’ ಎಂದರೆ ಹೆಚ್ಚುಕಡಿಮೆ ನಮ್ಮ ಭೋಗ್ಯ: ಹಲವು ಲಕ್ಷಗಳನ್ನು ಮಾಲೀಕರ ಕೈಗಿಟ್ಟು ತಿಂಗಳ ಬಾಡಿಗೆಯನ್ನು ತೀರಾ ಕಡಿಮೆ ಮಾಡಿಕೊಳ್ಳುವುದು ಅಥವಾ ಪೂರ್ತಿ ಬಿಡಿಸಿಕೊಳ್ಳುವುದು. ಲೆಕ್ಕ ಆಕರ್ಷಕವಾಗಿದ್ದರೂ ಅವಧಿ ಮುಗಿದಾಗ ಮಾಲೀಕರ ಬಳಿ ಅಷ್ಟು ಹಣ ಇರುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲ ಬಾಕಿಯಿದ್ದು ಬ್ಯಾಂಕ್ ಮನೆಯನ್ನು ವಶಪಡಿಸಿಕೊಂಡರೆ ಲೈಸೆನ್ಸಿಯ ಹಕ್ಕು ಬಹಳ ದುರ್ಬಲ. ಕಣದ ಉದಾಹರಣೆಯನ್ನು ಇಲ್ಲಿ ನೆನಪಿಸಿಕೊಳ್ಳಬಹುದು. ಇನ್ನೊಂದು ಬಗೆಯ ಮೋಸವೂ ಇದೆ: ಮಧ್ಯವರ್ತಿಯೊಬ್ಬ ಬಾಡಿಗೆಯವರಿಂದ ಹೆವಿ ಡಿಪಾಸಿಟ್ ಪಡೆದು, ಮಾಲೀಕರಿಗೆ ತಿಂಗಳ ಬಾಡಿಗೆಯ ಮಾತು ಹೇಳಿ, ಕೆಲವು ತಿಂಗಳು ಬಾಡಿಗೆ ಕಟ್ಟಿ ಮಾಯವಾಗುವುದು. ಮಾಲೀಕರ ಮುಖ ನೋಡದೆ, ಮಾಲೀಕರ ಖಾತೆಗೇ ಹಣ ಹಾಕದೆ ಇಂಥ ವ್ಯವಹಾರಕ್ಕೆ ಕೈಹಾಕಬಾರದು.

‘ಪಗಡಿ’ ಇವೆರಡಕ್ಕಿಂತ ಬೇರೆ. ಹಳೆಯ ಕಟ್ಟಡಗಳಲ್ಲಿ ದೊಡ್ಡ ಮೊತ್ತ ಕೊಟ್ಟು ಕಾಯಂ ಬಾಡಿಗೆದಾರಿಕೆಯನ್ನೇ ಕೊಳ್ಳುವ ಪದ್ಧತಿಯದು. ಒಂದು ಕಾಲಕ್ಕೆ ಕಾನೂನುಬಾಹಿರವಾಗಿದ್ದ ಅದನ್ನು 1999ರ ಕಾಯ್ದೆ ಮಾನ್ಯ ಮಾಡಿತು. ಎರಡು ಮೂರು ವರ್ಷಕ್ಕೆ ಬಂದವರಿಗೆ ಅದು ಸಂಬಂಧಪಟ್ಟದ್ದಲ್ಲ.

ಬಡಾವಣೆಗಿಂತ ಮೊದಲು ರೈಲು ಮಾರ್ಗ

ಮುಂಬೈಯಲ್ಲಿ ಮನೆ ಹುಡುಕುವವರು ಮೊದಲು ನೋಡಬೇಕಾದದ್ದು ಕಚೇರಿ ಯಾವ ಲೋಕಲ್ ಮಾರ್ಗದಲ್ಲಿದೆ ಎಂಬುದನ್ನು. ಪಶ್ಚಿಮ, ಮಧ್ಯ, ಹಾರ್ಬರ್ ಎಂಬ ಮೂರು ಮುಖ್ಯ ಮಾರ್ಗಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಬೆಳಗಿನ ಹೊತ್ತು ಗಾಡಿ ಬದಲಾಯಿಸುವುದೆಂದರೆ ದಾದರ್, ಕುರ್ಲಾದಂಥ ನಿಲ್ದಾಣಗಳ ಸೇತುವೆಯ ಜನಸಂದಣಿಯನ್ನು ದಿನಕ್ಕೆರಡು ಬಾರಿ ದಾಟುವುದು. ಪಶ್ಚಿಮ ಮಾರ್ಗದ ಅಂಧೇರಿಯಲ್ಲಿ ಕೆಲಸವಿದ್ದು, ಬಾಡಿಗೆ ಕಡಿಮೆಯೆಂದು ಮಧ್ಯ ಮಾರ್ಗದ ಡೊಂಬಿವಲಿಯಲ್ಲಿ ಮನೆ ಹಿಡಿದವರಿಗೆ ಉಳಿಸಿದ ಹಣಕ್ಕಿಂತ ಓಡಾಟದಲ್ಲಿ ಕಳೆದ ಹೊತ್ತೇ ದುಬಾರಿಯಾಗುತ್ತದೆ. ‘ಸ್ಟೇಷನ್‌ನಿಂದ ಹತ್ತು ನಿಮಿಷ’ ಎಂಬ ಮಾತನ್ನು ಒಮ್ಮೆ ನಡೆದೇ ಪರೀಕ್ಷಿಸಬೇಕು. ಪುಣೆಯಲ್ಲಿ ಲೆಕ್ಕ ಬೇರೆ: ಅಲ್ಲಿ ಹಿಂಜವಡಿಯ ಕಡೆಗೆ ಕೆಲಸವೋ ಖರಾಡಿಯ ಕಡೆಗೋ ಎಂಬುದು ನಗರದ ಯಾವ ತುದಿಯಲ್ಲಿ ಮನೆ ಬೇಕೆಂಬುದನ್ನು ತೀರ್ಮಾನಿಸುತ್ತದೆ, ಮತ್ತು ಹೊರವಲಯದ ಹೊಸ ಸಮುಚ್ಚಯಗಳಲ್ಲಿ ಬೇಸಿಗೆಗೆ ನೀರು ನಲ್ಲಿಯಿಂದ ಬರುತ್ತದೋ ಟ್ಯಾಂಕರಿನಿಂದಲೋ ಎಂದು ಕೇಳಲೇಬೇಕಾಗುತ್ತದೆ.

ಜಾಹೀರಾತಿನ ‘650 ಚದರ ಅಡಿ’ಯನ್ನೂ ಹಾಗೆಯೇ ನಂಬಬಾರದು. ಗೋಡೆಯೊಳಗೆ ಚಾಪೆ ಹಾಸಬಹುದಾದ ಜಾಗ ಕಾರ್ಪೆಟ್ ಏರಿಯಾ. ಗೋಡೆಗಳ ದಪ್ಪ ಸೇರಿದರೆ ಬಿಲ್ಟ್ ಅಪ್. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲೂ ಸೇರಿದರೆ ಸೂಪರ್ ಬಿಲ್ಟ್ ಅಪ್. ಹೊಸ ಮನೆಯ ಮಾರಾಟದಲ್ಲಿ ಕಾರ್ಪೆಟ್ ಏರಿಯಾ ಹೇಳಬೇಕೆಂದು ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಕಡ್ಡಾಯ ಮಾಡಿದ್ದರೂ ಬಾಡಿಗೆಯ ಜಾಹೀರಾತುಗಳು ದೊಡ್ಡ ಅಂಕಿಯನ್ನೇ ಹಾಕುತ್ತವೆ. ‘ಒನ್ ಆರ್‌ಕೆ’ ಎಂದರೆ ಒಂದು ಕೋಣೆ ಮತ್ತು ಅಡುಗೆಮನೆ, ಅಷ್ಟೆ.

ಬೇಸಿಗೆಯಲ್ಲಿ ಮನೆ ನೋಡುವವರು ಮಳೆಗಾಲದ ಪ್ರಶ್ನೆ ಕೇಳಲು ಮರೆಯುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು ಅಪರೂಪದ ಘಟನೆಯೇ ಸರಿ. ಆದರೆ ಹಿಂದ್‌ಮಾತಾ, ಕುರ್ಲಾ, ಸಯನ್‌ನಂಥ ತಗ್ಗಿನ ಪ್ರದೇಶಗಳಲ್ಲಿ ನೀರು ನಿಲ್ಲುವುದು ಅಪರೂಪವಲ್ಲ. ನೆಲಮಹಡಿಯಾದರೆ ನೀರು ಎಲ್ಲಿಯವರೆಗೆ ಬಂದಿತ್ತು, ಕೊನೆಯ ಮಹಡಿಯಾದರೆ ತಾರಸಿ ಸೋರುತ್ತದೆಯೇ ಎಂದು ವಾಚ್‌ಮನ್‌ನನ್ನು ಕೇಳಿದರೆ ದಲ್ಲಾಳಿಗಿಂತ ನೇರವಾದ ಉತ್ತರ ಸಿಗುವುದುಂಟು. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಗೋಡೆ ಕಂಡರೆ ಅದರ ಬುಡವನ್ನು ಮುಟ್ಟಿ ನೋಡಬೇಕು.

ದಲ್ಲಾಳಿಯಿಲ್ಲದೆ ಮನೆ ಸಿಗುವ ಹಳೆಯ ದಾರಿಯೂ ಪೂರ್ತಿ ಮುಚ್ಚಿಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘಗಳ ಕಾರ್ಯಕ್ರಮಗಳಲ್ಲಿ, ಉಡುಪಿ ಹೋಟೆಲುಗಳ ಗಲ್ಲಾದ ಬಳಿ ಖಾಲಿ ಮನೆಯ ಸುದ್ದಿ ಈಗಲೂ ಬಾಯಿಂದ ಬಾಯಿಗೆ ಹೋಗುತ್ತದೆ. ನಮ್ಮವರ ಮನೆಯೆಂಬ ಸಲುಗೆಯಲ್ಲಿ ಕರಾರಿನ ನೋಂದಣಿಯನ್ನು ಮಾತ್ರ ಬಿಡಬಾರದು.

ಮಾಲೀಕರು ಮಾಲೀಕರೇ ಹೌದೇ?

ಟೋಕನ್ ಹಣ ಕೊಡುವ ಮೊದಲು ‘ಇಂಡೆಕ್ಸ್ ಟು’ ಎಂಬ ಕಾಗದವನ್ನು ಕೇಳುವುದು ಮಹಾರಾಷ್ಟ್ರದ ವಾಡಿಕೆ. ಆಸ್ತಿಯ ಖರೀದಿ ನೋಂದಣಿಯಾದಾಗ ನೋಂದಣಿ ಕಚೇರಿ ಕೊಡುವ ಸಾರಾಂಶ ಪತ್ರ ಅದು. ಯಾರಿಂದ ಯಾರಿಗೆ, ಯಾವ ಫ್ಲ್ಯಾಟು, ಯಾವ ದಿನಾಂಕ ಎಂಬುದೆಲ್ಲ ಅದರಲ್ಲಿರುತ್ತದೆ. ಅದರ ಜೊತೆಗೆ ಸೊಸೈಟಿಯ ಷೇರು ಪ್ರಮಾಣಪತ್ರ ಮತ್ತು ಇತ್ತೀಚಿನ ವಿದ್ಯುತ್ ಬಿಲ್ಲಿನಲ್ಲಿರುವ ಹೆಸರು ತಾಳೆಯಾದರೆ ಸಾಕು. ‘ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಮನೆ ತೋರಿಸಲು ಬರಲಾಗುವುದಿಲ್ಲ, ಮೊದಲು ಸ್ವಲ್ಪ ಹಣ ಹಾಕಿ’ ಎಂಬ ಫೋನ್ ಕರೆ ಬಂದರೆ ಅದು ಮೋಸದ ಹಳೆಯ ಪಾಠ ಎಂದು ತಿಳಿಯಬೇಕು.

ಸೊಸೈಟಿ ಮತ್ತು ಪೊಲೀಸ್ ಠಾಣೆ

ಮುಂಬೈ, ಪುಣೆಯ ಬಹುಪಾಲು ಕಟ್ಟಡಗಳನ್ನು ನಡೆಸುವುದು 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಹಕಾರಿ ವಸತಿ ಸಂಘಗಳು; ಆಡುಮಾತಿನಲ್ಲಿ ಸೊಸೈಟಿ. ಅದರ ಸದಸ್ಯರು ಮಾಲೀಕರೇ ಹೊರತು ಲೈಸೆನ್ಸಿಯಲ್ಲ. ಆದ್ದರಿಂದ ಸೊಸೈಟಿಗೆ ತಿಳಿಸುವುದು, ಕರಾರಿನ ಪ್ರತಿ ಕೊಡುವುದು ಮಾಲೀಕರ ಕೆಲಸ. ಮಾಲೀಕರು ತಾವು ವಾಸಿಸದೆ ಬೇರೆಯವರಿಗೆ ಕೊಟ್ಟಾಗ ಸೊಸೈಟಿ ‘ನಾನ್ ಆಕ್ಯುಪೆನ್ಸಿ ಚಾರ್ಜ್’ ವಸೂಲಿ ಮಾಡುತ್ತದೆ. ರಾಜ್ಯ ಸರ್ಕಾರ 2001ರ ಆಗಸ್ಟ್ 1ರ ಆದೇಶದಲ್ಲಿ ಇದನ್ನು ಸೇವಾ ಶುಲ್ಕದ ಶೇ 10ಕ್ಕೆ ಸೀಮಿತಗೊಳಿಸಿದೆ. ಸೇವಾ ಶುಲ್ಕ 3,000 ಇದ್ದರೆ ಈ ಹೆಚ್ಚುವರಿ 300 ರೂಪಾಯಿ ಮೀರುವಂತಿಲ್ಲ. ಅದನ್ನು ಯಾರು ಕೊಡಬೇಕೆಂಬುದು ಕರಾರಿನಲ್ಲಿ ಸ್ಪಷ್ಟವಿರಲಿ.

ಮಾಂಸಾಹಾರ, ಅವಿವಾಹಿತರು, ಸಾಕುನಾಯಿ ಇವುಗಳ ಬಗ್ಗೆ ಕೆಲವು ಸೊಸೈಟಿಗಳೂ ಮಾಲೀಕರೂ ತಕರಾರು ಎತ್ತುವುದು ಇಲ್ಲಿನ ವಾಸ್ತವ. ಮೀನು ಬಿಟ್ಟಿರಲಾರದ ಕರಾವಳಿಯವರು ಇದನ್ನು ಮೊದಲ ಭೇಟಿಯಲ್ಲೇ ಕೇಳಿಬಿಡುವುದು ಎಲ್ಲರಿಗೂ ಹಿತ.

ಮನೆಗೆ ಹೊಸಬರು ಬಂದ ಮಾಹಿತಿಯನ್ನು ಮಾಲೀಕರು ಸ್ಥಳೀಯ ಠಾಣೆಗೆ ಕೊಡಬೇಕು ಎಂದು ನಗರ ಪೊಲೀಸರು ಆದೇಶ ಹೊರಡಿಸುತ್ತಾರೆ, ಮತ್ತು ಅದನ್ನು ಪಾಲಿಸದ ಮಾಲೀಕರ ಮೇಲೆ ಪ್ರಕರಣ ದಾಖಲಿಸಬಹುದು. ಪೊಲೀಸ್ ಇಲಾಖೆಯ ಜಾಲತಾಣದಲ್ಲೇ ಈ ಕೆಲಸವಾಗುತ್ತದೆ. ಫೋಟೋ, ಗುರುತಿನ ಚೀಟಿ, ಊರಿನ ವಿಳಾಸ, ಪರಿಚಿತರಿಬ್ಬರ ವಿವರ ಕೇಳಿದಾಗ ಗಾಬರಿಯಾಗಬೇಕಾಗಿಲ್ಲ.

ಕರಾರಿನಲ್ಲಿ ಬೆರಳಿಟ್ಟು ಓದಬೇಕಾದ ಜಾಗಗಳು

‘ಲಾಕ್ ಇನ್’ ಎಂಬ ಷರತ್ತು ಹೊಸಬರನ್ನು ಹೆಚ್ಚು ಕಾಡುತ್ತದೆ. ಆರು ತಿಂಗಳ ಲಾಕ್ ಇನ್ ಇದ್ದರೆ ಅದಕ್ಕೂ ಮೊದಲು ಮನೆ ಬಿಟ್ಟವರು ಉಳಿದ ತಿಂಗಳುಗಳ ಬಾಡಿಗೆ ಕೊಡಬೇಕಾಗಬಹುದು. ಅದು ಮಾಲೀಕರನ್ನೂ ಕಟ್ಟಿಹಾಕುತ್ತದೆಯೇ ಅಥವಾ ನಮ್ಮನ್ನು ಮಾತ್ರವೇ ಎಂದು ನೋಡಬೇಕು. ನೋಟಿಸ್ ಅವಧಿ, ವರ್ಷಕ್ಕೆ ಎಷ್ಟು ಏರಿಕೆ, ದೊಡ್ಡ ದುರಸ್ತಿ ಯಾರದು, ಬಣ್ಣದ ಹಣ ಕಡಿಯುತ್ತಾರೆಯೇ, ಡಿಪಾಸಿಟ್ ಎಷ್ಟು ದಿನದೊಳಗೆ ಮರಳುತ್ತದೆ ಎಂಬುದು ಬಾಯಿಮಾತಿನಲ್ಲಿ ಉಳಿಯಬಾರದು. ಕರಾರೇ ನಿರ್ಣಾಯಕ ಸಾಕ್ಷ್ಯ ಎಂಬ ಕಲಮು ಎರಡೂ ಕಡೆಗೆ ಹರಿತವಾದ ಕತ್ತಿ.

ಮನೆ ಸೇರಿದ ಮೇಲೆ

ವಿದ್ಯುತ್ ಮೀಟರು ಮಾಲೀಕರ ಹೆಸರಿನಲ್ಲೇ ಉಳಿಯುತ್ತದೆ, ಬಿಲ್ಲನ್ನು ಮಾತ್ರ ನಾವು ಕಟ್ಟುತ್ತೇವೆ. ವಿದ್ಯುತ್ ಪೂರೈಸುವ ಸಂಸ್ಥೆ ಜಾಗಕ್ಕೆ ತಕ್ಕಂತೆ ಬೇರೆ: ಮುಂಬೈಯ ದಕ್ಷಿಣದ ಹಳೆಯ ಭಾಗವಾದ ದ್ವೀಪ ನಗರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ ಪವರ್, ಮುಲುಂಡ್, ಭಾಂಡುಪ್, ಠಾಣೆ, ಪುಣೆಗಳಲ್ಲಿ ಮಹಾವಿತರಣ. ಹಿಂದಿನವರ ಬಾಕಿ ಉಳಿದಿಲ್ಲವೆಂದು ಮೊದಲ ದಿನವೇ ಖಚಿತಪಡಿಸಿಕೊಳ್ಳಬೇಕು. ನೋಂದಾಯಿತ ಕರಾರು ಬ್ಯಾಂಕು, ಆಧಾರ್, ಅಡುಗೆ ಅನಿಲ ಮುಂತಾದ ಕಡೆ ವಿಳಾಸದ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ.

ಕೆಎ ನೋಂದಣಿಯ ಗಾಡಿ ತಂದವರು ಗಮನಿಸಬೇಕು: ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ವಾಹನಕ್ಕೆ ಅಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಅದಕ್ಕೆ ಊರಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು. ಮಕ್ಕಳಿರುವವರಿಗೆ ಇನ್ನೊಂದು ಮಾತು: 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ, ಯಾವ ಮಂಡಳಿಯದಾದರೂ, ಮರಾಠಿ ಕಡ್ಡಾಯ ವಿಷಯ. ಆರನೆಯ ಏಳನೆಯ ತರಗತಿಗೆ ಬಂದು ಸೇರುವ ಮಗುವಿಗೆ ಇದರ ಸಿದ್ಧತೆ ಬೇಕಾಗುತ್ತದೆ. ಲಿಪಿ ದೇವನಾಗರಿಯಾದ್ದರಿಂದ ಹಿಂದಿ ಕಲಿತ ಮಕ್ಕಳಿಗೆ ಅರ್ಧ ದಾರಿ ಮುಗಿದಂತೆ.

ಮುಂಬೈಯ ಬಾಡಿಗೆ ತಿಂಗಳಿಗೆ 50,000 ರೂಪಾಯಿ ದಾಟುವುದು ಸುಲಭ. ಹಾಗೆ ದಾಟಿದರೆ ಬಾಡಿಗೆ ಕೊಡುವವರೇ ಅದರಿಂದ ತೆರಿಗೆ ಕಡಿದು ಸರ್ಕಾರಕ್ಕೆ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ಅದರ ದರ ಶೇ 5ರಿಂದ ಶೇ 2ಕ್ಕೆ ಇಳಿದಿದೆ. ಮಾಲೀಕರು ಅನಿವಾಸಿ ಭಾರತೀಯರಾಗಿದ್ದರೆ ಈ 50,000ದ ಮಿತಿಯೇ ಅನ್ವಯಿಸುವುದಿಲ್ಲ, ದರವೂ ಬಹಳ ಹೆಚ್ಚು. ದುಬೈಯಲ್ಲೋ ಅಮೆರಿಕದಲ್ಲೋ ಇರುವವರ ಫ್ಲ್ಯಾಟು ಹಿಡಿಯುವ ಮೊದಲು ಲೆಕ್ಕಪರಿಶೋಧಕರೊಬ್ಬರನ್ನು ಕೇಳುವುದು ಕ್ಷೇಮ.

ಕೊನೆಗೆ ಬರುವುದು ಮನೆ ಬಿಡುವ ದಿನ. ಬಂದ ದಿನ ಗೋಡೆ, ನಲ್ಲಿ, ಫ್ಯಾನು, ಕಿಟಕಿಗಳ ಫೋಟೋ ತೆಗೆದಿಟ್ಟುಕೊಂಡವರಿಗೆ ಡಿಪಾಸಿಟ್ಟಿನ ಮಾತು ಸಲೀಸಾಗುತ್ತದೆ. ಬಿಡುವಾಗ ಮೀಟರಿನ ಅಂಕಿ ಬರೆದುಕೊಂಡು, ಬೀಗದ ಕೈ ಒಪ್ಪಿಸಿದ ದಿನಾಂಕಕ್ಕೆ ಮಾಲೀಕರಿಂದ ಒಂದು ಸಾಲಿನ ಲಿಖಿತ ಒಪ್ಪಿಗೆ, ಮೊಬೈಲ್ ಸಂದೇಶವಾದರೂ ಸರಿ, ಪಡೆಯಬೇಕು. ಅವಧಿ ಮೀರಿದ ದಿನಗಳಿಗೆ ಎರಡು ಪಟ್ಟು ಹಣದ ಲೆಕ್ಕ ನಿಲ್ಲುವುದು ಮನೆ ಮಾಲೀಕರ ವಶಕ್ಕೆ ಮರಳಿದ ಆ ದಿನಾಂಕಕ್ಕೇ.